ಸಿಂಹದ ಹಿಂಗಾಲು

ಸಿಂಹವನ್ನು ಬೀಳಿಸಿದವನು ನಾನು. ರಫೀಕ್ ಅಲ್ಲ.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಏಷ್ಯಾ ಕಲಾಮೇಳದಲ್ಲಿ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದ ಅಷ್ಟೂ ಜನರ ಎದುರು ಮೈಕಿನಲ್ಲಿ ನಾನು ಆಡಿದ ಮಾತು ಸುಳ್ಳು. ಹಸಿ ಸುಳ್ಳು. ಹೇಳಿದವನು ಆರ್.ಟಿ. ನಗರದ ಈ ಮೂರನೇ ಅಡ್ಡರಸ್ತೆಯ ಪ್ರಭಾಕರ — ಯಶವಂತಪುರದ ಕಚೇರಿಯೊಂದರಲ್ಲಿ ಕುಳಿತು ಬೇರೆಯವರ ಕಡತಗಳಲ್ಲಿ ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದೇ ನನ್ನ ಉದ್ಯೋಗ. ನನ್ನದೇ ತಪ್ಪಿಗೆ ಗೆರೆ ಎಳೆಯುವುದಕ್ಕೆ ಮೂರು ವರ್ಷ ಬೇಕಾಯಿತು.

ನಮ್ಮ ಮೇಳದ ಪದ್ಧತಿ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಒಂದೊಂದು ಅಡ್ಡರಸ್ತೆಗೆ ಏಷ್ಯಾದ ಒಂದೊಂದು ದೇಶ. ಚೀಟಿ ಎತ್ತಿ ಹಂಚುತ್ತಾರೆ. ಬಂದ ದೇಶದ ಹಾಡು, ಕುಣಿತ, ಅಡುಗೆ, ಕರಕುಶಲ ಎಲ್ಲವನ್ನೂ ಆ ರಸ್ತೆಯವರೇ ಕಲಿತು ಸಮುದಾಯ ಭವನದಲ್ಲಿ ತೋರಿಸಬೇಕು. ಆ ವರ್ಷ ನಾಲ್ಕನೇ ಅಡ್ಡರಸ್ತೆಗೆ ಜಪಾನ್ ಬಂತು. ಅವರು ಕಾಗದದ ಕೊಕ್ಕರೆ ಮಡಚಿ ಮಡಚಿ, ಇಡೀ ರಸ್ತೆಯಲ್ಲಿ ಓದುವುದಕ್ಕೆ ಒಂದು ಪೇಪರು ಉಳಿಯಲಿಲ್ಲ. ಒಂದನೇ ಅಡ್ಡರಸ್ತೆಗೆ ಭಾರತವೇ ಬಂದುಬಿಟ್ಟಿತು. ಅವರು ಇದ್ದ ರೇಷ್ಮೆ ಸೀರೆ ಉಟ್ಟು ಕೋಲಾಟ ಆಡಿ ಕೈತೊಳೆದುಕೊಂಡರು. ಚೀಟಿಯಲ್ಲಿ ಮೋಸ ಆಗಿದೆ ಎಂದು ಉಳಿದವರೆಲ್ಲ ಇವತ್ತಿಗೂ ಗೊಣಗುತ್ತಾರೆ.

ನಮಗೆ ಬಂದದ್ದು ಚೀನಾ.

ಮೊದಲು ಉತ್ಸಾಹ ಬಂದದ್ದು ಬಸವರಾಜರಿಗೆ. ಗದಗದ ಕಡೆಯವರು, ಹೆಬ್ಬಾಳದ ಒಂದು ಕಾಲೇಜಿನಲ್ಲಿ ಗಣಿತ ಮೇಷ್ಟ್ರು, ಆದರೆ ಜೀವವೆಲ್ಲ ಹಲಗೆ ಬಾರಿಸುವುದರಲ್ಲಿ. "ಚೀನಾ ಅಂದ್ರ ಸಿಂಹದ ಕುಣಿತ ಆಗಬೇಕ್ರೀ. ಬಡಿಯೋದು ನಂಗ ಬಿಡ್ರಿ, ಕುಣಿಯೋದು ನೀವು ನೋಡ್ಕೋರಿ" ಎಂದರು.

ಸಿಂಹವನ್ನು ಮಾಡಿದವರು ರಫೀಕ್. ನಮ್ಮ ರಸ್ತೆಯ ಮೂಲೆಯಲ್ಲಿ ಅವರ ಸೋಫಾ, ಪರದೆ ಹೊಲಿಯುವ ಅಂಗಡಿ ಇದೆ. ಬೆತ್ತ ಬಗ್ಗಿಸಿ ತಲೆ ಕಟ್ಟಿದರು, ಉಳಿದ ಸೋಫಾ ಬಟ್ಟೆಯಿಂದ ಮೈ ಹೊಲಿದರು, ಪರದೆಯ ಹಳದಿ ಕುಚ್ಚುಗಳೆಲ್ಲ ಕೇಸರವಾದವು. ಒಳಗಿನ ದಾರ ಎಳೆದರೆ ಕಣ್ಣಿನ ರೆಪ್ಪೆ ಬಡಿಯುತ್ತಿತ್ತು. ಅಂಗಡಿಯ ಬಿಡುವಿನಲ್ಲೆಲ್ಲ ಅದೇ ಧ್ಯಾನ. ಗಿರಾಕಿಗಳು ಬಂದು ಸೋಫಾ ಯಾವಾಗ ಎಂದರೆ, ರಫೀಕ್ ದಾರ ಎಳೆದು ಸಿಂಹದಿಂದ ಕಣ್ಣು ಹೊಡೆಸುತ್ತಿದ್ದರು.

ಮಾಡಿದವರು ಅವರು, ಹಗುರ ಆಳೂ ಅವರೇ. ತಲೆ ಅವರದೇ ಆಯಿತು. ಹಿಂಗಾಲಿಗೆ ಯಾರು ಎಂದಾಗ ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡಿದರು. "ನಿಮ್ದು ಬೇಸ್ ಸ್ಟ್ರಾಂಗ್ ಇದೆ ಸಾರ್" ಎಂದರು ರಫೀಕ್, ಬಹಳ ಮರ್ಯಾದೆಯಿಂದ.

ಹಿಂಗಾಲಿನ ಬಾಳು ಹೇಗೆ ಎಂದು ನಿಮಗೆ ಗೊತ್ತಿಲ್ಲ. ಎರಡು ತಿಂಗಳು ಸೊಂಟ ಬಗ್ಗಿಸಿ, ಸೋಫಾ ಬಟ್ಟೆಯ ಒಳಗೆ ಬೆವರಿ, ನೋಡಿದ್ದೆಲ್ಲ ರಫೀಕರ ಬೆನ್ನು. ಚಪ್ಪಾಳೆಯೆಲ್ಲ ರೆಪ್ಪೆ ಬಡಿದಾಗ. ಬಾಲ ಅಲ್ಲಾಡಿಸಿದರೆ ಯಾರೂ ಕೇಳುವುದಿಲ್ಲ. ಆದರೆ ಇಡೀ ಕುಣಿತದ ಜೀವ ಒಂದು ಜಿಗಿತದಲ್ಲಿತ್ತು. ಬಸವರಾಜರು ಮೂರು ಪೆಟ್ಟು ಹಾಕುತ್ತಾರೆ. ಮೂರನೆಯದಕ್ಕೆ ರಫೀಕ್ ಮೇಲೆ ಹಾರುತ್ತಾರೆ. ನಾನು ಅವರ ಸೊಂಟದ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಅವರ ಪಾದಗಳನ್ನು ನನ್ನ ತೊಡೆಯ ಮೇಲೆ ಇಳಿಸಿಕೊಳ್ಳುತ್ತೇನೆ. ಹೊರಗಿನವರಿಗೆ ಸಿಂಹ ಎದ್ದು ನಿಂತ ಹಾಗೆ. ರಫೀಕರಿಗೆ ಹಿಂದೆ ಕಾಣುವುದಿಲ್ಲ. ಕಣ್ಣು ಮುಚ್ಚಿಕೊಂಡು ನನ್ನ ಕೈಗಳನ್ನು ನಂಬಿ ಹಾರಬೇಕು, ಅಷ್ಟೇ. ಅಭ್ಯಾಸದಲ್ಲಿ ಒಂದು ಸಲವೂ ತಪ್ಪಲಿಲ್ಲ.

ಮೇಳದ ದಿನ ನನ್ನ ಷಡ್ಡಕ ಬಂದ.

ನನ್ನ ಹೆಂಡತಿಯ ತಂಗಿಯ ಗಂಡ ಸುರೇಶ. ನಾಗಸಂದ್ರದಲ್ಲಿ ಮನೆ. ಬಂದಾಗಲೆಲ್ಲ "ನಮ್ಕಡೆ ಮೆಟ್ರೊ ಇದೆ" ಎಂದು, ಅದನ್ನು ತಾನೇ ಕಟ್ಟಿಸಿದ ಹಾಗೆ ಹೇಳುತ್ತಾನೆ. ಅವನ ಮದುವೆಯಾದ ಲಾಗಾಯ್ತು ನನಗೂ ಅವನಿಗೂ ಒಂದು ಪೈಪೋಟಿ — ಅವನಿಗೆ ಅದು ಗೊತ್ತೇ ಇಲ್ಲ, ಅದು ಬೇರೆ ವಿಷಯ. ಸಿಂಹ ವೇದಿಕೆಯ ಮೇಲೆ ಬಂದು ಎರಡು ಸುತ್ತು ಹೊಡೆದಿತ್ತು. ಅಷ್ಟರಲ್ಲಿ ಮೊದಲ ಸಾಲಿನಿಂದ ಅವನ ದನಿ ಕೇಳಿಸಿತು.

"ಎಲ್ರೀ ನಮ್ ಪ್ರಭಾಕರ್ರು? ಕಾಣಿಸ್ತಾನೇ ಇಲ್ಲ!"

"ಹಿಂದಿದ್ದಾರೆ" ಎಂದಳು ನನ್ನ ಹೆಂಡತಿ.

"ಹಿಂದೆ ಅಂದ್ರೆ — ಬಾಲಾನಾ?"

ನಕ್ಕರು. ಅವನೊಬ್ಬನೇ ಅಲ್ಲ, ನನ್ನ ಹೆಂಡತಿಯೂ.

ಮೊದಲ ಪೆಟ್ಟು ಬಿತ್ತು. ಎರಡನೆಯದು ಬಿತ್ತು. ನಾನು ಬಲಗೈಯನ್ನು ಬೆಲ್ಟಿನಿಂದ ಬಿಟ್ಟೆ — ಬಟ್ಟೆಯ ಅಂಚನ್ನು ಎತ್ತಿ, ಮುಖ ಹೊರಗೆ ಹಾಕಿ, ಷಡ್ಡಕನಿಗೆ ಒಂದು ನಗು ತೋರಿಸುವುದಕ್ಕೆ. ಒಂದೇ ಒಂದು ಕ್ಷಣ, ಮತ್ತೆ ಹಿಡಿದುಬಿಡುತ್ತೇನೆ ಎಂದುಕೊಂಡಿದ್ದೆ. ಮೂರನೆಯ ಪೆಟ್ಟು ಬಿತ್ತು. ರಫೀಕ್ ಹಾರಿದರು. ಸರಿಯಾಗಿ, ಪೆಟ್ಟಿಗೆ ಸರಿಯಾಗಿ ಹಾರಿದರು.

ಒಂದು ಕೈಗೆ ಆ ಭಾರ ಎಲ್ಲಿ ನಿಲ್ಲುತ್ತದೆ? ಸಿಂಹ ಅಡ್ಡಡ್ಡ ವಾಲಿ, ವೇದಿಕೆಯ ಪಕ್ಕ ಜೋಡಿಸಿಟ್ಟಿದ್ದ ಜಪಾನಿನವರ ಕೊಕ್ಕರೆಗಳ ಮೇಲೆ ಬಿತ್ತು. ತಲೆ ಕಳಚಿಕೊಂಡು ಉರುಳುತ್ತ ಹೋಗಿ ಮುಖ್ಯ ಅತಿಥಿಗಳ ಪಾದದ ಹತ್ತಿರ ನಿಂತು, ದಾರ ಯಾವುದಕ್ಕೋ ಸಿಕ್ಕಿ, ಒಂದು ಸಲ ಕಣ್ಣು ಹೊಡೆಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಮಾತು — ಇದನ್ನು ಹೇಳುವುದಕ್ಕೇ ಹೆಚ್ಚು ನಾಚಿಕೆ — ಸುರೇಶ ಆ ಕ್ಷಣ ನನ್ನ ಕಡೆ ನೋಡುತ್ತಲೇ ಇರಲಿಲ್ಲವಂತೆ. ತಿಂಡಿ ಮಳಿಗೆಯಲ್ಲಿ ಮೊಮೊ ಸಾಲು ಎಷ್ಟು ಉದ್ದ ಇದೆ ಎಂದು ಹಿಂದೆ ತಿರುಗಿದ್ದನಂತೆ.

ಕಣ್ಣು ಮುಚ್ಚಿ ಬಡಿಯುತ್ತಿದ್ದ ಬಸವರಾಜರು ಓಡಿ ಬಂದು ನನ್ನ ಮುಂದೆ ಮೈಕು ಹಿಡಿದರು. "ಏನಾತ್ರೀ ಸರ?"

ಆಗಲೇ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು: "ರಫೀಕ್ ಒಂದು ಪೆಟ್ಟು ಮುಂಚೆ ಹಾರಿಬಿಟ್ರು. ಪರ್ವಾಗಿಲ್ಲ ಬಿಡಿ, ಕಲೀತಾರೆ."

ಕಲೀತಾರೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳು ಎಷ್ಟೋ ವಾಸಿ, ನೆಲವನ್ನು ದೂರಿದಳು. ನಾನು ಮನುಷ್ಯನನ್ನು ದೂರಿದೆ, ಅದೂ ಅವನು ನೆಲದ ಮೇಲೆ ಬಿದ್ದಿರುವಾಗ. ಮುಖ್ಯ ಅತಿಥಿಗಳು ನನ್ನ ದೊಡ್ಡ ಮನಸ್ಸನ್ನು ಮೆಚ್ಚಿ ಶಾಲು ಹೊದಿಸಿದರು. ಹೊದಿಸಿಕೊಂಡೆ.

ರಫೀಕ್ ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಕೊಕ್ಕರೆಗಳ ನಡುವೆಯಿಂದ ಎದ್ದು, ಉಳುಕಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಸಾರಿ ಸಾರ್, ನಾನೇ ಜಲ್ದಿ ಮಾಡ್ಬಿಟ್ಟೆ. ನಿಮ್ಗೇನೂ ಆಗ್ಲಿಲ್ಲ ತಾನೇ?" ಎಂದು ಕೇಳಿದರು. ನನ್ನ ಸುಳ್ಳನ್ನು ಎಲ್ಲರಿಗಿಂತ ಮೊದಲು ನಂಬಿದವರು ಅವರು.

ಒಂದು ತಿಂಗಳ ಕಾಲ ಅವರಿಗೆ ಕತ್ತರಿ ಹಿಡಿಯಲಾಗಲಿಲ್ಲ. ಅವರು ಗೆರೆ ತೋರಿಸುವುದು, ಹೆಂಡತಿ ಬಟ್ಟೆ ಕತ್ತರಿಸುವುದು. ಬೀದಿಯ ಗ್ರೂಪಿನಲ್ಲಿ ಓಡಾಡಿದ ವಿಡಿಯೊ ಶುರುವಾಗುವುದೇ ಬೀಳುವಲ್ಲಿಂದ. ರಫೀಕ್ ಮತ್ತೆ ಮೇಳದ ಕಡೆ ತಲೆ ಹಾಕಲಿಲ್ಲ. ನಾನೋ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವರ ಅಂಗಡಿ ತಪ್ಪಿಸಿ ಎರಡನೇ ಅಡ್ಡರಸ್ತೆ ಬಳಸಿಕೊಂಡು ಹಾಲು ತರುವುದಕ್ಕೆ ಶುರುಮಾಡಿದೆ. ವಾಕಿಂಗ್ ಒಳ್ಳೆಯದು ಎಂದು ಹೆಂಡತಿಗೆ ಹೇಳಿದೆ. ಸುಳ್ಳಿನ ಪಕ್ಕಕ್ಕೆ ಇನ್ನೊಂದು ಸುಳ್ಳು.

ಇದು ಹೀಗೇ ಮುಚ್ಚಿಹೋಗುತ್ತಿತ್ತೋ ಏನೋ. ಈ ವರ್ಷದ ಚೀಟಿಯಲ್ಲಿ ಮೂರನೇ ಅಡ್ಡರಸ್ತೆಗೆ ಮತ್ತೆ ಚೀನಾ ಬಂತು. ಸಭೆಯಲ್ಲಿ ರಫೀಕರ ಮಗಳು ಆಯೆಷಾ ಎದ್ದು ನಿಂತಳು. ಡಿಗ್ರಿ ಓದುತ್ತಿದ್ದಾಳೆ, ಅಪ್ಪನ ಹಾಗೇ ಹಗುರ ಮೈ. ಅಟ್ಟದ ಮೇಲಿರುವ ಸಿಂಹವನ್ನು ಇಳಿಸೋಣ, ತಲೆ ನಾನು ಹಾಕಿಕೊಳ್ಳುತ್ತೇನೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರಫೀಕ್ ಮಾತ್ರ ಅವಳ ತೋಳು ಹಿಡಿದು ಕೂರಿಸಿದರು.

"ಬೇಡ ಬೇಟಾ. ನಮ್ಮನೇಲಿ ತಾಳ ಇಲ್ಲ. ನಿನ್ಗೂ ನನ್ ತರಾನೇ ಆಗುತ್ತೆ."

ಆ ಹುಡುಗಿಯ ಮುಖ ನೋಡಿದೆ. ಮುಂದೆ ನನಗೆ ಅಲ್ಲಿ ಕೂರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಷಡ್ಡಕ, ಬಲಗೈ, ನಗು, ಮೊಮೊ ಏನನ್ನೂ ಬಿಡಲಿಲ್ಲ. ರಫೀಕ್ ಹೊಲಿಗೆ ನಿಲ್ಲಿಸಿ ಕೇಳಿದರು. ಆಮೇಲೆ, "ನಾನು ಮೂರು ವರ್ಷದಿಂದ ಇಲ್ಲಿ ಕೂತ್ಕೊಂಡು ಎಣಿಸ್ತಾ ಇದೀನಿ ಸಾರ್. ಒಂದು, ಎರಡು, ಮೂರು. ಎಲ್ಲಿ ತಪ್ಪಿದ್ದು ಅಂತ" ಎಂದರು. ನಾನು ಕ್ಷಮಿಸಿ ಎಂದೆ. ಅವರು ಕೈ ಅಡ್ಡ ಹಿಡಿದರು. "ಮೈಕಲ್ಲಿ ಹೇಳಿದ್ದು ಇಲ್ಲಿ ಅಂಗಡೀಲಿ ವಾಪಸ್ ತಗೊಂಡ್ರೆ ಹೇಗೆ? ಎಲ್ರಿಗೂ ಹೇಳಿ. ಆಯೆಷಾ ತಲೆ ಹಾಕ್ಲಿ. ಹಿಂದೆ ನಾನಿರ್ತೀನಿ. ನೀವು ಬೇಡ."

ಅದಕ್ಕೇ ಇದನ್ನು ಮೇಳದ ಸಂಚಿಕೆಗೆ ಬರೆದು ಕೊಡುತ್ತಿದ್ದೇನೆ. ಉದ್ಘಾಟನೆಯ ದಿನ ಮೈಕಿನಲ್ಲೂ ಓದುತ್ತೇನೆ. ಆ ಶಾಲನ್ನು ಸಮಿತಿಗೆ ಹಿಂತಿರುಗಿಸಿದ್ದೇನೆ.

ನಿನ್ನೆ ಅವರ ಅಭ್ಯಾಸ ನೋಡಲು ಹೋಗಿ ಬಾಗಿಲಲ್ಲೇ ನಿಂತಿದ್ದೆ. ಆಯೆಷಾ ಸಿಂಹದ ತಲೆ ತೆಗೆದು, ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವತ್ತು ಅವಳಿಗೆ ಪರೀಕ್ಷೆ ಇತ್ತಂತೆ, ಮೇಳಕ್ಕೆ ಬಂದಿರಲಿಲ್ಲವಂತೆ.

"ಅಂಕಲ್, ಯಾರನ್ನ ಕೇಳಿದ್ರೂ ಬಿದ್ದಿದ್ದೇ ಹೇಳ್ತಾರೆ. ನಮ್ಮ ಅಬ್ಬಾ ಅವತ್ತು ಎಷ್ಟು ಎತ್ತರ ಹಾರಿದ್ರು? ಅವರ ಹತ್ರ ಇದ್ದಿದ್ದು ನೀವೊಬ್ರೇ."

ಏನಾದರೂ ಒಂದು ಎತ್ತರ ಹೇಳಿಬಿಡಬಹುದಿತ್ತು. ಅವಳಿಗೆ ಸಂತೋಷವಾಗುತ್ತಿತ್ತು.

"ನಂಗೊತ್ತಿಲ್ಲಮ್ಮ" ಎಂದೆ. "ನಾನು ಆ ಕಡೆ ನೋಡ್ತಾ ಇರ್ಲಿಲ್ಲ."