ನನ್ನ ಬದಲು ಹಾಲೆಂಡಿಗೆ ಹೋದವರು

ಮುಂಬಯಿ ಹತ್ತಿರದ ಕಲ್ಯಾಣದ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಮನೆ ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಬೆಳಿಗ್ಗೆ ಜನರೆಲ್ಲ ಮುಂಬಯಿ ಕಡೆಯ ಗಾಡಿಗೆ ಜೋತುಬೀಳುವಾಗ ನಾನು ಬೇರೆ ಪ್ಲಾಟ್‌ಫಾರ್ಮಿನಲ್ಲಿ ಕಲ್ಯಾಣದ ಲೋಕಲ್ಲಿಗೆ ಕಾಯುತ್ತಿದ್ದೆ. ಅದರಲ್ಲಿ ಕಿಟಕಿಯ ಸೀಟು ಸಿಗುತ್ತಿತ್ತು. ನನ್ನ ಗಂಡನ ಮಟ್ಟಿಗೆ ನನ್ನ ನೌಕರಿಯ ದೊಡ್ಡ ಗುಣ ಅದೇ. "ನಿನಗೆಂತ, ಕೂತು ಹೋಗ್ತಿ, ಕೂತು ಬರ್ತಿ" ಎನ್ನುತ್ತಿದ್ದರು. ಅವರು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಶಿಶುವಿಹಾರಕ್ಕೆ ಹೋಗುವ ಮಗಳು. ಮನೆಯ ಮಾತು ತುಳು. ಮಗಳಿಗೆ ಅದು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಧಾರವಾಡದ ಕಡೆಯವರು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮರಾಠಿ, ಇಂಗ್ಲಿಷ್. ನಾವಿಬ್ಬರೇ ಇದ್ದಾಗ ಕನ್ನಡ. "ಏನ್ರಿ, ಇವತ್ತ ಡಬ್ಬಿಯೊಳಗ ಏನ್ ತಂದೀರಿ?" ಎಂದು ಅವರು ಕೇಳಿದರೆ ನನಗೆ ದಿನ ಹಗುರವಾಗುತ್ತಿತ್ತು. ಪರವೂರಿನಲ್ಲಿ ನಮ್ಮ ಭಾಷೆಯವರೊಬ್ಬರು ಮೇಲಿನ ಸ್ಥಾನದಲ್ಲಿದ್ದಾರೆ ಎಂಬುದೇ ಒಂದು ಧೈರ್ಯ. ಆ ಧೈರ್ಯವನ್ನು ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಂಗಾಂಶ ಕೃಷಿಯ ಮಾತು ಆಗ ಎಲ್ಲೆಡೆ ಕೇಳಿಬರುತ್ತಿತ್ತು. ಗಿಡದ ಒಂದು ಚೂರನ್ನು ಸೀಸೆಯೊಳಗೆ ಬೆಳೆಸಿ ಅದರಿಂದ ನೂರಾರು ಗಿಡ ಮಾಡುವ ವಿದ್ಯೆ. ಅದಕ್ಕೆ ಬೇಕಾದ ಯಂತ್ರ, ಕೋಣೆ ಯಾವುದೂ ನಮ್ಮಲ್ಲಿರಲಿಲ್ಲ. ನಾನು ಪ್ರಯೋಗಾಲಯದ ಒಂದು ಮೂಲೆಯಲ್ಲಿ ಕಿಟಕಿಯ ಗಾಜು ಕೂರಿಸುವವನಿಂದ ಒಂದು ಪೆಟ್ಟಿಗೆ ಮಾಡಿಸಿದೆ. ಜ್ಯಾಮಿನ ಖಾಲಿ ಬಾಟಲಿಗಳನ್ನು ಮನೆಯ ಹಳೆಯ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ ಶುದ್ಧ ಮಾಡುತ್ತಿದ್ದೆ. ಬಾಳೆಯ ಕಂದಿನ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ ಒಳಗಿಡುವುದು. ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಿತ್ತು. ಎಸೆದು ಮತ್ತೆ ಶುರು ಮಾಡುತ್ತಿದ್ದೆ. ಕೊನೆಗೊಂದು ಬೇಸಿಗೆಯಲ್ಲಿ ಒಂದು ಸಾಲು ಬಾಟಲಿಗಳಲ್ಲಿ ಹಸಿರು ಕಾಣಿಸಿಕೊಂಡಿತು. ಅದನ್ನು ನೋಡಲು ಮುಖ್ಯಸ್ಥರು ಪ್ರಿನ್ಸಿಪಾಲರನ್ನೇ ಕರೆದುಕೊಂಡು ಬಂದರು. "ನಮ್ಮ ಡಿಪಾರ್ಟ್‌ಮೆಂಟಿನ ಕೆಲಸ" ಎಂದು ಪರಿಚಯಿಸಿದರು. ಅದರಲ್ಲಿ ನನಗೆ ಬೇಸರವೇನೂ ಆಗಲಿಲ್ಲ.

ಆ ವರ್ಷವೇ ಹಾಲೆಂಡಿನ ಒಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರು ನಮ್ಮ ಕಡೆಯ ಕಾಲೇಜುಗಳನ್ನು ನೋಡಲು ಬಂದರು. ಒಬ್ಬ ಅಧ್ಯಾಪಕರನ್ನು ಆರಿಸಿ, ಅಲ್ಲಿಗೆ ಕರೆಸಿಕೊಂಡು ಆರು ತಿಂಗಳು ತರಬೇತಿ ಕೊಡುವುದು, ಹಿಂದಿರುಗಿದ ಮೇಲೆ ಇಲ್ಲೊಂದು ಪ್ರಯೋಗಾಲಯ ತೆರೆಯಲು ಸಲಕರಣೆ ಕೊಡುವುದು ಅವರ ಯೋಜನೆ. ಎತ್ತರದ, ನರೆಗೂದಲ ಹೆಂಗಸು. ಮುಖ್ಯಸ್ಥರ ಕೋಣೆಯಲ್ಲಿ ಇಟ್ಟಿದ್ದ ಸಮೋಸ ಮುಟ್ಟದೆ ನನ್ನ ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಕೆಲಸ ಮಾಡುವುದನ್ನು ಮಧ್ಯಾಹ್ನವೆಲ್ಲ ನೋಡಿದರು. ಕುಕ್ಕರ್ ಸೀಟಿ ಹಾಕಿದಾಗ ನಕ್ಕರು. ಹೋಗುವ ಮುಂಚೆ, "ನೀವೇ ಬನ್ನಿ. ನಿಮಗೆ ಅಲ್ಲಿ ತುಂಬ ಸುಲಭ ಅನಿಸುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮುಖ್ಯಸ್ಥರು ಪಕ್ಕದಲ್ಲೇ ಇದ್ದರು. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಹೋಗಬೇಕ್ರಿ ನೀವು. ನಮ್ಮವರೊಬ್ಬರು ಹೊರದೇಶಕ್ಕ ಹೋದ್ರ ನಮಗೂ ಮರ್ಯಾದಿ ಅಲ್ಲೇನು?" ಎಂದರು.

ಮನೆಯಲ್ಲಿ ಹೇಳಲು ಹೆದರಿಕೆಯಿತ್ತು. ಆದರೆ ಗಂಡ ಅಷ್ಟೇನೂ ಯೋಚಿಸದೆ ಒಪ್ಪಿದರು. ಕಾರ್ಖಾನೆಯಲ್ಲಿ ಎಲ್ಲರಿಗೂ ಪೇಡಾ ಹಂಚಿ ಬಂದರು. ಅತ್ತೆ ಮರುದಿನ ಅಡುಗೆ ಮಾಡುತ್ತಾ ಹೇಳಿದರು: "ಹೋಗಿ ಬಾ. ನಾನು ಮೂರು ಮಕ್ಕಳನ್ನು ಸಾಕಿದವಳು, ಇವಳೊಬ್ಬಳು ನನಗೆ ಹೆಚ್ಚಾಗ್ತಾಳಾ?" ಅತ್ತೆ ಹೀಗೆಂದಾಗ ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಪಾಸ್‌ಪೋರ್ಟ್ ಮಾಡಿಸಿದೆವು. ಠಾಣೆಯ ಮಾರ್ಕೆಟ್ಟಿನಲ್ಲಿ ಒಂದು ದಪ್ಪ ಕೋಟು ಕೊಂಡೆವು. ಸೆಕೆಯಲ್ಲಿ ಅದನ್ನು ಹಾಕಿ ನೋಡಿ ಬೆವರಿಳಿಸಿಕೊಂಡು ಎಲ್ಲರೂ ನಕ್ಕೆವು. "ಮಮ್ಮೀ, ತೂ ಕಧೀ ಜಾಣಾರ್?" ಎಂದು ಮಗಳು ಕೇಳುತ್ತಲೇ ಇದ್ದಳು. ನಾನು ಯಾವಾಗ ಹೋಗುವುದು ಎಂದು. ಅವಳಿಗೆ ವಿಮಾನ ನೋಡುವ ಆಸೆ.

ಒಂದು ಭಾನುವಾರ ಮುಖ್ಯಸ್ಥರು ಮನೆಗೆ ಬಂದರು. ಅಭಿನಂದನೆ ಹೇಳಲು. ಅತ್ತೆಯ ಸಂಭ್ರಮ ಹೇಳತೀರದು. ನಮ್ಮ ಜೊತೆ ತುಳು, ತರಕಾರಿಯವಳ ಜೊತೆ ಹರಕು ಹಿಂದಿ. ಕನ್ನಡ ಆಡಲು ಅವರಿಗೆ ಜನ ಸಿಗುತ್ತಿರಲಿಲ್ಲ. ಶಾಲೆಯಲ್ಲಿ ಕಲಿತ ಶುದ್ಧ ಕನ್ನಡವನ್ನು ನೆನಪಿಸಿಕೊಂಡು, "ತಾವು ಇನ್ನೊಂದು ದೋಸೆ ಸ್ವೀಕರಿಸಬೇಕು" ಎಂದರು. "ಅವ್ವಾರ, ನಿಮ್ಮ ಕೈಯಾಗಿನ ದೋಸಿ ತಿಂದು ನನಗ ನಮ್ಮವ್ವ ನೆನಪಾದ್ಲು ನೋಡ್ರಿ" ಎಂದರು ಮುಖ್ಯಸ್ಥರು. ಅತ್ತೆ ಆ ಮಾತನ್ನು ವಾರವಿಡೀ ನೆರೆಹೊರೆಯವರಿಗೆ ಹೇಳಿದರು.

ಆಮೇಲೆ ಪರೀಕ್ಷೆಗಳು ಶುರುವಾದವು. ಮೇಲ್ವಿಚಾರಣೆ ಮುಗಿಸಿ ನಾನು ಸಂಜೆ ಮನೆಗೆ ಬರುತ್ತಿದ್ದೆ. ಒಂದು ಸಂಜೆ ಬಂದಾಗ ಅತ್ತೆ ಮಲಗಿದ್ದರು. ಎದೆ ಭಾರ ಎಂದರು. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಆದರೂ ಅತ್ತೆ ಊಟ ಕಡಿಮೆ ಮಾಡಿದರು, ಮಗಳನ್ನು ಶಿಶುವಿಹಾರಕ್ಕೆ ಬಿಡುವುದು ತನ್ನಿಂದಾಗದು ಎಂದರು. ಗಂಡನೂ ಬದಲಾಗಿದ್ದರು. ಪೇಡಾ ಹಂಚಿದ ಮನುಷ್ಯ ಈಗ ನನ್ನ ಮುಖ ನೋಡದೆ ಮಾತಾಡುತ್ತಿದ್ದರು.

"ಈ ವರ್ಷವೇ ಹೋಗಬೇಕೂಂತ ಎಂತ ಉಂಟು? ನೆಕ್ಸ್ಟ್ ಇಯರ್ ಹೋದ್ರಾಯ್ತು."

"ಈ ವರ್ಷ ನನ್ನನ್ನು ಕರೆದಿದ್ದಾರೆ. ಬರುವ ವರ್ಷ ಕರೀತಾರಂತ ಯಾರು ಹೇಳಿದ್ದು?"

"ಅಮ್ಮನಿಗೆ ಏನಾದ್ರೂ ಆದ್ರೆ ಮಗುವನ್ನು ಯಾರು ನೋಡ್ಕೊಳ್ಳೋದು? ನಾನು ನೌಕರಿ ಬಿಟ್ಟು ಕೂರ್ಲಾ?"

ಒಂದು ವಾರ ಹೀಗೇ ನಡೆಯಿತು. ನನ್ನ ತವರಿನವರು ದೂರ, ಬಂದು ನಿಲ್ಲುವವರು ಯಾರೂ ಇರಲಿಲ್ಲ. ಡೊಂಬಿವಲಿಯಲ್ಲಿದ್ದ ನನ್ನ ಚಿಕ್ಕಮ್ಮ, ಮಗುವನ್ನು ತಾನು ಇಟ್ಟುಕೊಳ್ಳುತ್ತೇನೆ ಎಂದರು. ಅದಕ್ಕೆ ಅತ್ತೆ, ತಾನಿನ್ನೂ ಬದುಕಿರುವಾಗ ಮೊಮ್ಮಗಳು ಬೇರೆಯವರ ಮನೆಯಲ್ಲಿ ಬೆಳೆಯುವುದೇ ಎಂದು ಅತ್ತರು. ಅಲ್ಲಿಗೆ ನನ್ನ ಕೈ ಸೋತಿತು.

ಮುಖ್ಯಸ್ಥರ ಕೋಣೆಗೆ ಹೋಗಿ, ಹೋಗಲಾಗುವುದಿಲ್ಲ ಎಂದೆ. ಅವರು ಕುರ್ಚಿಯಿಂದೆದ್ದು ಬಂದು ನನಗೆ ನೀರು ಕೊಟ್ಟರು. "ಸಂಸಾರ ಅಂದಮ್ಯಾಲ ಇದೆಲ್ಲಾ ಇರೂದರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅವರಿಗೆ ನಾನೇ ತಿಳಸ್ತೀನಿ. ಮುಂದಿನ ಸಲ ನಿಮ್ಮ ಹೆಸರೇ ಮೊದಲು." ನಾನು ಅವರಿಗೆ ಕೈಮುಗಿದು ಬಂದೆ.

ಹಾಲೆಂಡಿಗೆ ಹೋದವರು ಅವರ ಅಳಿಯ. ನಮ್ಮ ಆಡಳಿತ ಮಂಡಳಿಯದೇ ನವಿ ಮುಂಬಯಿಯ ಕಾಲೇಜಿನಲ್ಲಿ ಅಧ್ಯಾಪಕ. ಮದುವೆಯಾಗಿ ವರ್ಷವಾಗಿರಲಿಲ್ಲ. ಹೋಗುವ ಮುಂಚೆ ಕೆಲವು ದಿನ ನನ್ನ ಮೂಲೆಗೆ ಬಂದು ಕೂತ. ಕೆಟ್ಟವನಲ್ಲ. ಬೇಸರವಿಲ್ಲದೆ ಕೇಳಿಸಿಕೊಂಡ, ಬರೆದುಕೊಂಡ. ಅವನಿಗೆ ಏನಾದರೂ ಗೊತ್ತಿತ್ತೋ ಇಲ್ಲವೋ, ಇಂದಿಗೂ ನಾನು ಹೇಳಲಾರೆ. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಗಂಡ, "ಆ ಕೋಟು ಸುಮ್ಮನೆ ಬಿದ್ದುಂಟಲ್ಲ, ಅವರಿಗೇ ಕೊಡಬಹುದಿತ್ತು" ಎಂದರು. ತಟ್ಟೆಯಲ್ಲಿ ಅನ್ನವಿತ್ತು, ನಾನು ಎದ್ದುಬಿಟ್ಟೆ.

ಅತ್ತೆಯ ಎದೆಭಾರ ಮಳೆಗಾಲ ಬರುವ ಹೊತ್ತಿಗೆ ಹೋಗಿತ್ತು. ಅಷ್ಟಮಿಗೆ ಚಕ್ಕುಲಿ ಒತ್ತುತ್ತಾ ಕೂತಿದ್ದೆವು. ಅತ್ತೆ ಒಳ್ಳೆಯ ಲಹರಿಯಲ್ಲಿದ್ದರು. ಅವರ ಮಾತು ತುಳುವಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಮ್ಮ ಪ್ರೊಫೆಸರರಿಗೆ ಒಂದು ಡಬ್ಬಿ ಕಳಿಸಬೇಕು. ಆ ದಿನ ಬಂದವರಿಗೆ ಬರೀ ಚಹಾ ಕೊಟ್ಟು ಕಳಿಸಿದೆ."

"ಬರೀ ಚಹಾ ಯಾಕೆ? ದೋಸೆ ಕೊಟ್ಟಿದ್ದಿರಲ್ಲ."

"ಅದು ಮೊದಲ ಸಲ. ಎರಡನೇ ಸಲ ಬಂದಾಗ ನೀನು ಪರೀಕ್ಷೆಗೆ ಹೋಗಿದ್ದೆ."

ನನ್ನ ಕೈಯಲ್ಲಿ ಚಕ್ಕುಲಿ ಒತ್ತುವ ಒರಳಿತ್ತು. ಒತ್ತುವುದನ್ನು ನಿಲ್ಲಿಸದೆ, ಅವರು ಯಾಕೆ ಬಂದಿದ್ದರು ಎಂದು ಕೇಳಿದೆ. ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದರು. ತಾನೇನೋ ತಪ್ಪು ಹೇಳುತ್ತಿದ್ದೇನೆ ಎಂಬ ಭಾವವೇ ಅವರಿಗಿರಲಿಲ್ಲ. ಆ ದೇಶದಲ್ಲಿ ಹೆಂಗಸರು ಬೇಗ ಕೈತಪ್ಪುತ್ತಾರೆ, ಹೀಗೆಯೇ ಹೋದ ಪುಣೆಯ ಒಬ್ಬಳು ಅಧ್ಯಾಪಕಿ ಗಂಡ ಮಗುವನ್ನು ಬಿಟ್ಟು ಅಲ್ಲೇ ಉಳಿದಳು, ನಿಮ್ಮ ಸೊಸೆ ಹಾಗಲ್ಲ, ಆದರೂ ಹಿರಿಯನಾಗಿ ಒಂದು ಮಾತು ಹೇಳುವುದು ನನ್ನ ಧರ್ಮ ಎಂದು ಮುಖ್ಯಸ್ಥರು ಹೇಳಿದರಂತೆ.

"ಅವಳಿಗೆ ಹೇಳಬೇಡಿ, ಮನಸ್ಸಿಗೆ ಬೇಜಾರು ಮಾಡ್ಕೊಳ್ತಾಳೆ ಅಂದ್ರು. ಎಷ್ಟು ಒಳ್ಳೆಯ ಮನುಷ್ಯ. ನಮ್ಮವರಲ್ಲದೆ ಬೇರೆ ಯಾರು ಬಂದು ಹೀಗೆ ಹೇಳ್ತಾರೆ?"

"ನೀವೊಬ್ಬರೇ ಇದ್ರಾ ಅತ್ತೆ?"

"ನಾನೊಬ್ಬಳೇ ಎಂತ ಮಾತಾಡ್ಲಿ? ಅವರು ಫೋನು ಮಾಡಿ ಇವನಿಗೂ ಬರ್ಲಿಕ್ಕೆ ಹೇಳಿದ್ರು. ಇವನು ಹಾಫ್ ಡೇ ರಜೆ ಹಾಕಿ ಬಂದಿದ್ದ."

ಎಣ್ಣೆ ಕಾದಿತ್ತು. ಚಕ್ಕುಲಿ ಬಿಟ್ಟೆ, ತೆಗೆದೆ, ಮತ್ತೆ ಬಿಟ್ಟೆ. ಹಿಟ್ಟು ಮುಗಿಯುವವರೆಗೂ ನಾನು ಅಲ್ಲಿಂದ ಏಳಲಿಲ್ಲ. ಮುಖ್ಯಸ್ಥರು ಮಾಡಿದ್ದಕ್ಕಿಂತ, ಆ ಮಧ್ಯಾಹ್ನ ನನ್ನ ಗಂಡ ವಾಗ್ಳೆ ಎಸ್ಟೇಟಿನಿಂದ ರಿಕ್ಷಾ ಹಿಡಿದು ಬಂದು, ಕೇಳಿ, ತಲೆಯಾಡಿಸಿ, ಸಂಜೆ ನನ್ನೆದುರು ಎಂದಿನಂತೆ ಚಹಾ ಕುಡಿದರಲ್ಲ, ಅದು ನನ್ನನ್ನು ಹೆಚ್ಚು ಕೊರೆಯಿತು.

ಆ ಸಂಜೆ ಅವರನ್ನು ಕೇಳಿದೆ. "ನಾನು ಅಲ್ಲೇ ಉಳಿದುಬಿಡ್ತೇನೆ ಅಂತ ನೀವು ನಂಬಿದ್ರಾ?"

"ನಂಬಿದ್ದು ಅಂತಲ್ಲ," ಎಂದರು. ಶರ್ಟಿನ ಗುಂಡಿ ಬಿಚ್ಚುತ್ತಾ, "ಅಷ್ಟು ದೊಡ್ಡ ಮನುಷ್ಯ ಮನೆಗೆ ಬಂದು ಹೇಳುವಾಗ ಇಲ್ಲ ಅನ್ಲಿಕ್ಕೆ ಆಗ್ತದಾ?" ಎಂದರು.

ಮರುದಿನ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಎದುರಿನ ಕುರ್ಚಿ ತೋರಿಸಿದರು. ನಾನು ನಿಂತೇ ಇದ್ದೆ.

"ನಮ್ಮ ಮನೆಗೆ ಹೋಗಿ ಅತ್ತೆಯ ಹತ್ತಿರ ಏನು ಹೇಳಿದಿರಿ ಸರ್?"

ಅವರು ಬೆಚ್ಚಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಒಳ್ಳೇದಕ್ಕ ಹೇಳೀನ್ರಿ. ನಿಮ್ಮ ಮನೀ ಉಳೀಲಿ ಅಂತ."

"ನಿಮ್ಮ ಮಗಳ ಮನೆ ಉಳಿಯುವ ಬಗ್ಗೆ ಯೋಚನೆ ಬರಲಿಲ್ವಾ? ಅಳಿಯನನ್ನು ಕಳಿಸಿದಿರಲ್ಲ."

"ಗಂಡಸರ ಮಾತು ಬ್ಯಾರೆ," ಎಂದರು. ಆಮೇಲೆ ಇಂಗ್ಲಿಷಿಗೆ ಬದಲಾಯಿಸಿ, ಪ್ರಥಮ ವರ್ಷದ ಪ್ರಾಕ್ಟಿಕಲ್ಲಿನ ಹೊತ್ತಾಯಿತು ಎಂದು ನೆನಪಿಸಿದರು. ಅಂದಿನಿಂದ ಅವರು ನನ್ನೊಡನೆ ಕನ್ನಡ ಆಡಲಿಲ್ಲ. ನನಗೂ ಬೇಕಿರಲಿಲ್ಲ.

ಮುಂದಿನ ವರ್ಷ ಆ ಪ್ರಾಧ್ಯಾಪಕಿ ಮತ್ತೆ ಬಂದರು. ಅಳಿಯ ಹಿಂದಿರುಗಿ ನಮ್ಮ ಕಾಲೇಜಿಗೇ ವರ್ಗವಾಗಿ ಬಂದಿದ್ದ, ಅಲ್ಲೇ ಹೊಸ ಪ್ರಯೋಗಾಲಯದ ಉದ್ಘಾಟನೆ. ಆಕೆ ರಿಬ್ಬನ್ ಕತ್ತರಿಸಿ, ಹಾರ ಹಾಕಿಸಿಕೊಂಡು, ಗುಂಪಿನಲ್ಲಿ ನನ್ನನ್ನು ಗುರುತಿಸಿ ಹತ್ತಿರ ಬಂದರು. "ನಿಮಗೆ ಆಸಕ್ತಿ ಇಲ್ಲ ಎಂದು ತಿಳಿಸಿದರು. ನನಗೆ ತುಂಬ ಆಶ್ಚರ್ಯವಾಯಿತು" ಎಂದರು.

"ನಾನು ಹಾಗೆ ಹೇಳಲಿಲ್ಲ. ನನಗೆ ಬರುವ ಆಸೆಯಿತ್ತು. ನನ್ನನ್ನು ತಡೆದರು," ಎಂದೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಪಕ್ಕದಲ್ಲಿದ್ದ ಮುಖ್ಯಸ್ಥರು ನಕ್ಕು, ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ, ಪಾಪ, ಬಹಳ ಭಾವುಕ ಹೆಂಗಸು ಎಂದು ವಿವರಿಸಿದರು. ಪ್ರಾಧ್ಯಾಪಕಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತು ಎಂದೇ ನನಗನ್ನಿಸಿತು. ಅವರು ನನ್ನ ಕೈ ಹಿಡಿದು, ಯೋಜನೆ ಈ ವರ್ಷಕ್ಕೆ ಮುಗಿಯಿತು, ಇನ್ನು ಯಾರನ್ನೂ ಕರೆಸಿಕೊಳ್ಳುವುದಿಲ್ಲ ಎಂದರು. ನನಗೆ ಬೇಕಾಗಿದ್ದದ್ದು ಸಂತಾಪವಲ್ಲ. ಅವರು ಅಲ್ಲೇ, ಆ ಹಾರದ ರಾಶಿಯೆದುರು, ಮುಖ್ಯಸ್ಥರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಯಾರೋ ಊಟಕ್ಕೆ ಕರೆದರು, ಆಕೆ ಹೋದರು.

ಅಳಿಯ ಆ ಪ್ರಯೋಗಾಲಯದಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ. ಹೂವಿನ ಗಿಡ ಮಾರುವ ಖಾಸಗಿ ಕಂಪನಿಯೊಂದು ನವಿ ಮುಂಬಯಿಯಲ್ಲಿ ಕಚೇರಿ ತೆರೆದಿತ್ತು, ಅಲ್ಲಿಗೆ ಸೇರಿದ. ಆಗ ಮುಖ್ಯಸ್ಥರು ಪ್ಯೂನನ ಕೈಯಲ್ಲಿ ಪ್ರಯೋಗಾಲಯದ ಬೀಗದ ಕೈ ನನಗೆ ಕಳಿಸಿದರು, ಇನ್ನು ನೀವೇ ನೋಡಿಕೊಳ್ಳಿ ಎಂದು. ನಾನು ಅದನ್ನು ಮುಟ್ಟದೆ ವಾಪಸ್ಸು ಕಳಿಸಿದೆ. ನನ್ನ ಹಟಕ್ಕೆ ವಿದ್ಯಾರ್ಥಿಗಳಿಗೆ ನಷ್ಟವಾಯಿತು ಎಂದು ಸಹೋದ್ಯೋಗಿಗಳು ಆಡಿಕೊಂಡರು. ಆಗಿರಬಹುದು. ಆ ಬೇಸಿಗೆಗೆ ನಾನು ಕಲ್ಯಾಣ ಬಿಟ್ಟು, ಡೊಂಬಿವಲಿಯ ಒಂದು ಜೂನಿಯರ್ ಕಾಲೇಜಿಗೆ ಸೇರಿದೆ. ಹುದ್ದೆಯಲ್ಲಿ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ಹನ್ನೊಂದನೆಯ ತರಗತಿಯವರಿಗೆ ಎಲೆಯ ಭಾಗಗಳನ್ನು ಕಲಿಸುತ್ತಿದ್ದೆ.

ಅತ್ತೆ ತೀರಿಕೊಳ್ಳುವವರೆಗೂ ಅವರ ಸೇವೆ ಮಾಡಿದೆ. ಅವರ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಒಳ್ಳೆಯ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅವರು ನಂಬಿದರು, ಅಷ್ಟೇ. ಗಂಡನ ಜೊತೆ ಸಂಸಾರ ನಡೆಯಿತು. ಹೊರಗಿನವರು ನೋಡಿದರೆ ಏನೂ ಕಾಣುವಂತಿರಲಿಲ್ಲ. ಆದರೆ ನನ್ನ ಕೆಲಸದ ಯಾವ ವಿಷಯವನ್ನೂ ಆಮೇಲೆ ನಾನು ಅವರ ಬಳಿ ಹೇಳಲಿಲ್ಲ, ಅವರೂ ಕೇಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಮುಖ್ಯಸ್ಥರು ನಿವೃತ್ತರಾದರು. ಠಾಣೆಯ ಕನ್ನಡಿಗರು ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡರು. ಸಂಘಟಕರೊಬ್ಬರು ಮನೆಗೆ ಬಂದು, "ನೀವು ಅವರ ಕೈಕೆಳಗೆ ಬೆಳೆದವರು, ನಾಲ್ಕು ಮಾತಾಡಬೇಕು" ಎಂದರು. ಗಂಡ ನನ್ನ ಮುಖ ನೋಡಿದರು.

"ಮಾತಾಡ್ತೇನೆ," ಎಂದೆ. "ಆದರೆ ಹಾಲೆಂಡಿನ ವಿಷಯವನ್ನೇ ಮಾತಾಡ್ತೇನೆ. ಆಗಬಹುದಾ ಕೇಳಿ ಬನ್ನಿ."

ಆ ಸಂಘಟಕರು ಮತ್ತೆ ಬರಲಿಲ್ಲ.