ದೀಪದ ಮಾಡದಲ್ಲಿ ಒಂದು ಫೋನು

ಆ ಮಧ್ಯಾಹ್ನ ಇಚಲಕರಂಜಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವರಿದ್ದೆವು: ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವ್ವ, ಮಗಳೊಡನೆ ಮಾತಾಡಲು ನಮ್ಮ ಫೋನು ಕೇಳಿಕೊಂಡು ಬಂದಿದ್ದ ಪಕ್ಕದ ಮನೆಯ ಮರಾಠಿ ಮಾವಶಿ, ತೀರಿಹೋದ ನಮ್ಮಣ್ಣನ ಹೆಂಡತಿ ಮಾಲವೈನಿ, ಮತ್ತು ಗೋಕುಳ ಶಿರಗಾಂವದ ಫೌಂಡ್ರಿಗೆ ರಜೆ ಹಾಕಿ ಬಂದಿದ್ದ ನಾನು. ಐದನೆಯದಾಗಿ ಎಣಿಸುವುದಾದರೆ, ದೀಪದ ಮಾಡದಲ್ಲಿ ಎಣ್ಣೆಯ ಕುಡಿಕೆಗೆ ಒರಗಿಕೊಂಡು ಮನೆಯ ಫೋನು. ಕರೆಂಟು ಹೋಗಿತ್ತು. ಮಗ್ಗದ ಊರಿನಲ್ಲಿ ಬಾಳಿದವರಿಗೆ ಸದ್ದು ಅಂಜಿಕೆಯ ವಸ್ತುವಲ್ಲ ಗೆಳೆಯರೇ, ಮೌನವೇ ಅಂಜಿಕೆ. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಗೇ ನಿಂತಾಗ ಯಾರೋ ಊರಿನ ಎದೆಯ ಮೇಲೆ ಕೈಯಿಟ್ಟು ಬಡಿತವನ್ನು ಹಿಡಿದು ನಿಲ್ಲಿಸಿದಂತಾಗಿ, ತೊಟ್ಟಿಲ ಕೂಸುಗಳು ಸಹ ಎಚ್ಚತ್ತು ಅಳತೊಡಗುತ್ತವೆ.

ನಮ್ಮ ಮನೆಯ ಫೋನಿಗೆ ಕೀಲಿಯಿರಲಿಲ್ಲ. ಅದು ಅವ್ವನ ಕಟ್ಟಳೆ. "ಬಾಗಲಕ್ಕ ಕೀಲಿ ಹಾಕೂದು ಕಳ್ಳಗ. ಫೋನಿಗೆ ಹಾಕೂದು ಯಾರಿಗ್ಯೋ? ಮನಿ ಮಂದಿಗೇನು?" ಎನ್ನುವುದು ಆಕೆಯ ವಾದ. ಹೀಗಾಗಿ ಆ ಫೋನು ಹಿತ್ತಿಲ ಬಾವಿಯಂತೆ ಎಲ್ಲರದೂ ಆಗಿತ್ತು. ಬಾವಿಗೂ ಅದಕ್ಕೂ ಇದ್ದ ಭೇದ ಒಂದೇ: ಬಾವಿ ತನ್ನೊಳಗೆ ಇಣುಕಿದವರ ಮುಖವನ್ನು ಇಟ್ಟುಕೊಳ್ಳುವುದಿಲ್ಲ.

ನಮ್ಮಣ್ಣ ಸಿದ್ದಣ್ಣ ಗಡಹಿಂಗ್ಲಜದ ಆಚೆಯ ನೂಲ ಎಂಬ ಊರಿನಿಂದ ಈ ನೂಲಿನ ಊರಿಗೆ ಬಂದವನು. ಕುರಿ ಕಾಯ್ದ ಕೈಯಿಂದಲೇ ಎರಡು ಮಗ್ಗ ಕಟ್ಟಿದ. ತೀರಿಕೊಂಡಾಗ ನೂಲದ ನಮ್ಮ ಹೊಲದಲ್ಲಿ, ಕುರಿಹಟ್ಟಿಯ ಬದಿಗೆ ಮಣ್ಣು ಮಾಡಿದೆವು. "ಅದನ್ನ ಬಿಟ್ಟು ಒಂದ ದಿನಾ ಇದ್ದಾಂವ ಅಲ್ಲ" ಎಂದು ಅವ್ವ ಅವನ ಹಳೆಯ ಗುಂಡಿಫೋನನ್ನು ಅಂಗಿಯ ಕಿಸೆಯಲ್ಲಿಯೇ ಇರಿಸಿ ಮಣ್ಣಿಗೆ ಕಳಿಸಿದಳು. ಸೂತಕ ಕಳೆದ ಮೇಲೆ ಅವನ ಬಟ್ಟೆಗಳನ್ನು ಒಗೆದು ಹಂಚಿದೆವು. ಮನೆಯಲ್ಲಿ ಎಲ್ಲರೂ ನೋಡುತ್ತಿದ್ದ ಅವನ ದೊಡ್ಡ ಟ್ಯಾಬನ್ನು ಅವ್ವ ಅರಿಶಿನ ನೀರಿನ ಬಟ್ಟೆಯಿಂದ ಒರೆಸಿ, ದೇವರ ಭಂಡಾರ ಹಚ್ಚಿ, ನೂಲದಲ್ಲಿರುವ ನಮ್ಮಕ್ಕ ಬಾಳವ್ವನ ಮನೆಗೆ ಕೊಟ್ಟುಕಳಿಸಿದಳು. ಸತ್ತವರ ಸೋಂಕನ್ನು ತೊಳೆದೇ ಕೊಡಬೇಕೆಂಬುದು ನಮ್ಮ ಹಿರಿಯರ ಮಾತು. ಗಾಜಿನ ಹೊರಮೈ ಹೊಳೆಯುವಂತೆ ತೊಳೆದಿದ್ದೆವು.

ಆ ಮೌನದ ಮಧ್ಯಾಹ್ನ ಫೋನನ್ನು ಕೈಗೆತ್ತಿಕೊಂಡ ಮಾವಶಿ, "ಅಗ ಬಾಯಿ! ಹೇ ಕಾಯ್?" ಎಂದು, ಇದೇನಿದೆಂದು ತನ್ನ ಮರಾಠಿಯಲ್ಲಿ ಚೀರಿ, ಅದನ್ನು ಕೆಂಡದಂತೆ ಚಾಪೆಯ ಮೇಲೆ ಬಿಟ್ಟಳು. ಬಗ್ಗಿ ನೋಡಿದೆ. ವಾಟ್ಸಾಪಿನಲ್ಲಿ ಸಿದ್ದಣ್ಣನ ಹೆಸರು, ಪೇಟ ಸುತ್ತಿ ನಗುವ ಅವನ ಫೋಟೋ; ಅದರ ಕೆಳಗೆ, ಆ ಕಡೆಯವರು ಧ್ವನಿ ಮುದ್ರಿಸುತ್ತಿದ್ದಾರೆಂದು ಹಸಿರು ಅಕ್ಷರ.

ಗಾಬರಿಯಾಗದವಳು ವೈನಿ ಒಬ್ಬಳೇ. "ಇವತ್ತ ಮಾತಾಡ್ತಾರೇನೋ" ಎಂದಳು, ಒಲೆಯ ಮೇಲಿನ ಹಾಲು ಉಕ್ಕಬಹುದು ಎನ್ನುವಷ್ಟು ಸಹಜವಾಗಿ. "ದಿನಾ ನಾ ಮಾತಾಡಿ ಕಳಸ್ತೇನಿ. ಅವರು ಕೇಳ್ತಾರ. ಎರಡೂ ಗೆರಿ ನೀಲಿ ಆಗ್ತಾವು."

"ಮಣ್ಣಾಗ ಇಟ್ಟ ಫೋನು, ವೈನಿ!"

"ನನಗ ಗೊತ್ತಿಲ್ಲೇನ ತಮ್ಮಾ?"

ಅಷ್ಟರಲ್ಲಿ ಸಂದೇಶ ಬಂದಿತು. ಒತ್ತಿದವಳು ವೈನಿಯೇ. ಮೊದಲು ಗಾಳಿ. ಅದರ ಹಿಂದೆ ಕುರಿಗಳ ಕೊರಳಗಂಟೆ, ದೂರ ಹೋಗಿ ಮತ್ತೆ ಹತ್ತಿರ ಬಂದಂತೆ. ಆಮೇಲೆ ತೀರ ಸಮೀಪದಲ್ಲಿ ಯಾರದೋ ಉಸಿರು, ಎಳೆದು ಬಿಟ್ಟದ್ದು. ಮಾತಿಲ್ಲ. ಕುಟ್ಟಾಣಿ ಅವ್ವನ ಕೈಯಿಂದ ಜಾರಿತು. ಅಣ್ಣ ಮಲಗಿದ ಹೊಲದ ಬದುವಿನಲ್ಲಿ ಅದೇ ಗಂಟೆಗಳ ಹಿಂಡು ಮೇಯುತ್ತದೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

"ಕೇಳಿದೇನ ಮಾಲಾ?" ಎಂದಳು ಅವ್ವ. "ನನ್ನ ಮಗಾ ನಿನ್ನ ನೂಲಕ್ಕ ಕರಿಯಾಕತ್ತಾನ. ವರ್ಷಾಂತಿ ತನಕ ಯಾಕ? ನಾಳೇನ ಹೊಂಡು."

ವರ್ಷಾಂತಿ ಮುಗಿದ ಮೇಲೆ ಮಗ್ಗ ಮಾರಿ ವೈನಿಯನ್ನು ನೂಲದ ಮನೆಗೆ ಕಳಿಸಬೇಕೆಂದು ಅವ್ವ ಮೊದಲೇ ನಿಶ್ಚಯಿಸಿದ್ದಳು. ಈಗ ಸತ್ತವನ ಸಾಕ್ಷಿಯೂ ಸಿಕ್ಕಂತಾಯಿತು. ಸತ್ತವರ ಎದುರು ವಾದ ಮಾಡಿ ಗೆದ್ದವರುಂಟೇ?

ಮರುದಿನ ಗಡಹಿಂಗ್ಲಜದ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ವೈನಿ, ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಮೆಲ್ಲಗೆ ಅಂದಳು: "ಆ ಎರಡೂ ಮಗ್ಗಾ ನಾನ ನಡಸ್ತೇನಿ, ನೂಲಕ್ಕ ಹೋಗಾಕ ಒಲ್ಲೆ ಅಂತ ಫೋನಿನ್ಯಾಗ ಅವರ ಮುಂದ ಹೇಳೇನಿ. ಅವರೊಬ್ಬರ ಮುಂದ. ಅದಕ್ಕ ಸಿಟ್ಟಾದರೇನ?"

ನೂಲದಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದೆವು. ಗಂಟೆಗಳ ಸದ್ದು ಮೊದಲು ಬಂದಿತು, ಆಮೇಲೆ ಕುರಿ ಕಂಡವು, ಆಮೇಲೆ ಅಣ್ಣನ ಗದ್ದುಗೆ. ಅದರ ಬದಿಯ ಬೇವಿನ ನೆರಳಲ್ಲಿ ಬಾಳವ್ವಕ್ಕ ಕುಳಿತಿದ್ದಳು. ಮಡಿಲಲ್ಲಿ ಆ ಟ್ಯಾಬು, ಅದರೊಳಗಿಂದ ಮಾಲವೈನಿಯ ದನಿ, ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದ ಮಾಲವೈನಿಯ ದನಿ, "ಉಂಡಿರೇನ್ರಿ?" ಎಂದು ಕೇಳುತ್ತಿತ್ತು. ಕಾರಣ ತಿಳಿಯುವ ಮೊದಲಿನ ಆ ಒಂದು ಗಳಿಗೆಯ ಚಳಿ ನನ್ನ ಬೆನ್ನಿನಿಂದ ಇನ್ನೂ ಇಳಿದಿಲ್ಲ.

ಕಾರಣ ಚಿಕ್ಕದು. ಗುಂಡಿಫೋನಿನಲ್ಲಿ ವಾಟ್ಸಾಪು ಬಾರದೆಂದು ಅಣ್ಣ ತನ್ನ ನಂಬರಿನ ವಾಟ್ಸಾಪನ್ನು, ಇಂಟರ್ನೆಟ್ಟಿಗೆ ಬೇರೆ ಸಿಮ್ಮಿದ್ದ ಈ ಟ್ಯಾಬಿನಲ್ಲಿ ತೆರೆದಿದ್ದ; ಅದು ನಮಗ್ಯಾರಿಗೂ ಹೊಳೆದಿರಲಿಲ್ಲ. ಹೊರಗೆ ಅರಿಶಿನ ಹಚ್ಚಿದ ನಾವು ಒಳಗಿನದನ್ನು ಅಳಿಸದೆ ಕೊಟ್ಟಿದ್ದೆವು. ಬಟ್ಟೆಯ ಬೆವರು ತೊಳೆದು ಬಾಯಿ ಕಿವಿಗಳನ್ನು ಹಾಗೇ ದಾನ ಮಾಡಿದವರು ನಾವು! ಕೂಡಿ ಬಾಳುವವರಿಗೆ ಹಂಚಿಕೊಳ್ಳುವುದು ಚೆನ್ನಾಗಿ ಬರುತ್ತದೆ. ಹಂಚುವ ಮುನ್ನ ಬೇರೆಯವರ ಪಾಲನ್ನು ತೆಗೆದಿಡುವುದು ಮಾತ್ರ ಇನ್ನೂ ಬಂದಿಲ್ಲ.

"ಓದಾಕ ಬರೂದಿಲ್ಲ ನನಗ," ಅಕ್ಕ ಅಳುತ್ತಿದ್ದಳು. "ತಮ್ಮನ ಮಾರಿ ನೋಡಬೇಕಂತ ಒತ್ತಿದೆ, ನಿನ್ನ ಮಾತು ಬಂತು. ಅಂಜಿದೆ. ಆಮ್ಯಾಲೆ ಬಿಡಾಕ ಆಗಲಿಲ್ಲವ್ವಾ. ನಿನ್ನೆ ಉತ್ತರಾ ಹೇಳಬೇಕಂತ ಮೈಕಿನ ಗುಂಡಿ ಒತ್ತಿದೆ, ಬಾಯಿಲೆ ಮಾತ ಹೊಂಡಲಿಲ್ಲ."

"ಎಲ್ಲಾ ಕೇಳೀರೇನಕ್ಕಾ?" ಎಂದಳು ವೈನಿ.

"ಎಲ್ಲಾ. ನೀ ಇಲ್ಲಿಗೆ ಬರಬ್ಯಾಡ. ಮಗ್ಗಾ ನಡಸು. ಅವ್ವಗ ನಾ ಹೇಳ್ತೇನಿ. ಕರದಾಂವ ಅಂವಲ್ಲ, ಉಸರು ನಂದು ಅಂತ ಹೇಳ್ತೇನಿ."

ನಾವು ಇಚಲಕರಂಜಿಗೆ ಮರಳುವಷ್ಟರಲ್ಲಿ ಅಕ್ಕ ಅವ್ವನಿಗೆ ಫೋನು ಮಾಡಿ, ಆ ಉಸಿರು ತನ್ನದೆಂದು ಹೇಳಿದ್ದಳು. ಮೂರನೆಯ ದಿನ ಅವ್ವ ಮಾಡದ ಕಡೆ ಗದ್ದ ಚಾಚಿ ವೈನಿಗೆ, "ಅದಕೊಂದು ಕೀಲಿ ಹಾಕ್ಕೋ. ನನಗೂ ಹೇಳಬ್ಯಾಡ" ಎಂದಳು. ನೂಲದಿಂದ ಮರಳುವ ದಾರಿಯಲ್ಲಿಯೇ ಗಡಹಿಂಗ್ಲಜದ ಮೊಬೈಲ್ ಅಂಗಡಿಯವನು, ವೈನಿ ಬೇಕೆಂದ ಫೋಟೋಗಳನ್ನು ತೆಗೆದುಕೊಟ್ಟು ಟ್ಯಾಬನ್ನು ಪೂರ್ತಿ ಅಳಿಸಿದ್ದ. ಬಳಸದ ನಂಬರು ಎಂದಾದರೂ ಬೇರೆಯವರ ಪಾಲಾಗುತ್ತದೆಂದು ಎಚ್ಚರಿಸಿದ್ದ. ವೈನಿ ತಲೆಯಾಡಿಸಿದಳಾದರೂ ದಿನಕ್ಕೊಂದು ಮಾತು ಕಳಿಸುವುದನ್ನು ಬಿಡಲಿಲ್ಲ. ಒಂದೇ ಗೆರೆ ಬೀಳುತ್ತಿತ್ತು, ಬೂದುಬಣ್ಣದ್ದು. ಅದು ತಲುಪದೆ ನಿಂತದ್ದರ ಗುರುತು, ಆಕೆಗೆ ಅಷ್ಟೇ ಸಾಕಾಗಿತ್ತು.

ವರ್ಷಾಂತಿ ಮುಗಿದು ಬಹಳ ದಿನದ ಮೇಲೆ, ಮೊನ್ನೆ, ಮಗ್ಗಗಳು ಓಡುತ್ತಿದ್ದ ಮಧ್ಯಾಹ್ನ, ಆಕೆ ಕಳಿಸಿದ ಮಾತಿನ ಪಕ್ಕ ಎರಡನೆಯ ಗೆರೆ ಮೂಡಿತು. ಅಂಗಡಿಯವನ ಎಚ್ಚರಿಕೆ ವೈನಿಗೆ ನೆನಪಾಯಿತು. ಗೆರೆಗಳು ನೀಲಿಯಾಗುವ ಮೊದಲೇ ಮಾತನ್ನು ಎರಡೂ ಕಡೆಯಿಂದ ಅಳಿಸಿದಳು. ಬಳಿಕ ನೂಲಕ್ಕೆ, ಬಾಳವ್ವಕ್ಕನಿಗೆ ಫೋನು ಹಚ್ಚಿ, "ಉಂಡಿರೇನಕ್ಕಾ?" ಎಂದು ಕೇಳಿದಳು.