ನೆಲ್ಲಿಮಂಡ ಮನೆಯ ಬೆಳ್ಳಿ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಮಡಿಕೇರಿಯ ಕಾತ್ಯಾಯನಿ ವಿರಾಜಪೇಟೆಯ ಶಾಲೆಯೊಂದರಲ್ಲಿ ಟೀಚರಾಗಿದ್ದರು. ಯಾರು ಏನು ಹೇಳಿದರೂ "ಅದು ಹ್ಯಾಗೆ?" ಅಂತ ಕೇಳದೆ ಬಿಡುವ ಹೆಂಗಸಲ್ಲ. ಹೆಡ್‌ಮಾಸ್ತರು ಇವರನ್ನು ಕಂಡರೆ ದಾರಿ ಬದಲಿಸುತ್ತಿದ್ದರಂತೆ, ಪಾಪ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಊರಿನ ಸಮಿತಿಯೊಂದು ಇವರ ಕೈಗೆ ಹಾಳೆ ಕೊಟ್ಟಿತು. ಪೇಟೆಯಲ್ಲಿ ಅಲೆಯುವ ಮಕ್ಕಳನ್ನೆಲ್ಲ ವಿಚಾರಿಸಿ ಬರೆದುಕೊಂಡು ಬನ್ನಿ; ಮನೆಯಿಲ್ಲದವರಿಗೆ ಮಳೆ ನಿಲ್ಲುವವರೆಗೆ ಗಂಜಿ, ಕಂಬಳಿ, ಮಲಗಲು ಒಂದು ದೊಡ್ಡ ಹಾಲ್ ಕೊಡುತ್ತೇವೆ ಅಂದರು. ಟೀಚರು ಸೆರಗು ಸಿಕ್ಕಿಸಿ ಹೊರಟೇಬಿಟ್ಟರು.

ಕೊಡಗಿನಲ್ಲಿ ಮಾತು ಶುರುವಾಗುವುದೇ "ಯಾವ ಮನೆ?" ಅಂತ. ಯಾವ ಮನೆತನಕ್ಕೆ ಸೇರಿದವರು ಅಂತ ಗೊತ್ತಾಗಬೇಕು, ಹೆಸರೆಲ್ಲ ಆಮೇಲೆ. ಟೀಚರೂ ಎಲ್ಲರ ಹಾಗೆ ಅದನ್ನೇ ಕೇಳಿದರು, ಮಕ್ಕಳೂ ಎಲ್ಲರ ಹಾಗೆ ಪಟಪಟ ಹೇಳಿದವು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪುಟ್ಟ ಹುಡುಗಿ ಬೆಳ್ಳಿಯಂತೂ ತಲೆ ಎತ್ತಿ, "ನೆಲ್ಲಿಮಂಡ ಮನೆ" ಅಂದಳು.

ಸಮಿತಿಯ ಗುಮಾಸ್ತ ಗೋಪಿನಾಥ ಹಾಳೆ ನೋಡಿ ನಕ್ಕುಬಿಟ್ಟ. "ಏನು ಟೀಚರೇ, ಎಲ್ಲರಿಗೂ ಮನೆ ಉಂಟಲ್ಲ! ಹಾಲ್ ಯಾರಿಗೆ, ನಮಗಾ?"

ಟೀಚರು ಕಕ್ಕಾಬಿಕ್ಕಿ. ಬೆಳ್ಳಿ ಮಲಗುವುದು ಮೆಣಸಿನ ಅಂಗಡಿಯ ಜಗಲಿಯಲ್ಲಿ, ಗೋಣಿಚೀಲ ಹೊದ್ದು. ಕಣ್ಣಾರೆ ಕಂಡಿದ್ದಾರೆ. ಹಾಗಾದರೆ ಹುಡುಗಿ ಸುಳ್ಳು ಹೇಳಿದಳೇ? ತಲೆ ಕೆಟ್ಟು, ಸೀದಾ ನೆಲ್ಲಿಮಂಡ ಮನೆಯ ಯಜಮಾನ ಕುಟ್ಟಪ್ಪನವರ ಕಾಫಿ ತೋಟಕ್ಕೇ ಹೋದರು.

"ಬೆಳ್ಳಿಯಾ? ನಮ್ಮ ತೋಟದ ಕೂಲಿ ಲೈನಿನಲ್ಲಿದ್ದ ಸೋಮಿಯ ಮಗಳು," ಅಂದರು ಕುಟ್ಟಪ್ಪ. "ಸೋಮಿ ತೀರಿಕೊಂಡಳು. ಹುಡುಗಿ ಯಾವಾಗ ಹೋಯಿತೋ ಗೊತ್ತಿಲ್ಲ. ಆದರೂ ತೋಟದ ಆಳುಮಕ್ಕಳೆಲ್ಲ ನಮ್ಮ ಮನೆಯವೇ ಅಮ್ಮ, ಅಲ್ಲ ಅನ್ನಲಿಕ್ಕಾಗುತ್ತದಾ?"

"ಹಾಗಾದರೆ ಕರೆದುಕೊಂಡು ಬರಲಾ?"

ಕುಟ್ಟಪ್ಪ ತೋಟದ ಕಡೆ ನೋಡಿದರು. ಕಾಫಿ ಕುಡಿದು ಹೋಗಿ ಅಂದರು. ಅಷ್ಟೇ.

ಇದೆಂಥ ಮನೆಯಪ್ಪಾ! ಹೆಸರಿಗೆ ಉಂಟು, ಹೋದರೆ ಜಾಗವಿಲ್ಲ. ಹೋಗುವಾಗ ಇದ್ದ ಗೊಂದಲ ಬರುವಾಗ ಇಮ್ಮಡಿಯಾಗಿತ್ತು. ಟೀಚರು ಮತ್ತೆ ಜಗಲಿ ಜಗಲಿ ಸುತ್ತಿದರು. ಈ ಸಲ ಮನೆಯ ಸುದ್ದಿಯೇ ಎತ್ತದೆ, ನಿನ್ನೆ ಎಲ್ಲಿ ಮಲಗಿದ್ದೆ, ಯಾರು ಉಣ್ಣಲಿಕ್ಕೆ ಕೊಟ್ಟರು ಅಂತ ಕೇಳಿ ಬರೆದುಕೊಂಡರು. ಅದನ್ನು ಓದಿದ ಗೋಪಿನಾಥ ನಗಲಿಲ್ಲ. ಒಂದೊಂದು ಹೆಸರಿನ ಮುಂದೂ 'ಮನೆಯಿಲ್ಲ' ಅಂತ ಬರೆದ. ಹಾಲ್ ಮಂಜೂರಾಯಿತು.

ಮೊದಲ ದಿನವೇ ಮಳೆ ಧೋ ಅಂತ ಹೊಡೆಯಿತು. ಒಳಗೆ ಗಂಜಿ ಬೇಯುತ್ತಿತ್ತು, ಮಕ್ಕಳು ಹೊರಗೆ ಸೂರಿನಡಿ ಮುದುಡಿ ಕೂತಿದ್ದವು. ಗೋಪಿನಾಥ ಬಾಗಿಲಲ್ಲಿ ನಿಂತು ಹಾಳೆ ನೋಡಿ ಕೂಗಿದ: "ಬೆಳ್ಳಿ, ಮನೆಯಿಲ್ಲ!"

ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದ.

"ಅದು ಬೇರೆ ಯಾರೋ," ಅಂದಳು ಬೆಳ್ಳಿ. "ನಂಗೆ ಮನೆ ಉಂಟು." ಗೋಣಿಚೀಲವನ್ನು ತಲೆಗೆ ಹಾಕಿಕೊಂಡು ಮಳೆಗೆ ಇಳಿದೇಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು ಎದ್ದರು.

ಟೀಚರಿಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ. ಗೋಪಿನಾಥನ ಮೇಲೋ, ಕುಟ್ಟಪ್ಪನವರ ಮೇಲೋ, ಮನೆಮನೆ ಅಂತ ಕೇಳಿದ ತನ್ನ ಮೇಲೆಯೋ? ಮನೆ ಉಂಟು ಅಂದರೆ ಗಂಜಿ ಇಲ್ಲ, ಇಲ್ಲ ಅಂದರೆ ಹುಡುಗಿಯೇ ಇಲ್ಲ. ಕೊಡೆಯನ್ನೂ ಬಿಚ್ಚದೆ ಅಂಗಳಕ್ಕೆ ಓಡಿದರು.

"ನೆಲ್ಲಿಮಂಡ ಮನೆಯ ಬೆಳ್ಳೀ!" ಅಂತ ಊರಿಗೆಲ್ಲ ಕೇಳುವ ಹಾಗೆ ಕರೆದರು. "ಬಾ ಮಗಾ, ಊಟಕ್ಕೆ."

ಬೆಳ್ಳಿ ನಿಂತಳು. ತಿರುಗಿ ಬಂದು, ಗುಮಾಸ್ತನ ಮುಂದೆಯೇ ತಲೆ ಎತ್ತಿಕೊಂಡು ಒಳಗೆ ಹೋಗಿ ಕೂತಳು, ಎದ್ದಿದ್ದ ಇಬ್ಬರೂ ಅವಳ ಹಿಂದೆಯೇ.

"ಟೀಚರೇ, ಈಗ ನಾನು ಏನಂತ ಬರೆಯಲಿ?" ಅಂತ ಗೋಪಿನಾಥ ಕಂಗಾಲಾಗಿ ಕೇಳಿದ.

"ನಂಗೂ ಗೊತ್ತಿಲ್ಲ ಮಾರಾಯ," ಅಂದರು ಟೀಚರು, ಮುಖದ ನೀರು ಒರೆಸಿಕೊಳ್ಳುತ್ತ. "ಮೊದಲು ಬಡಿಸು."